ಹೊಟ್ಟೆಗೆ ಹಾಕಿಕೊಂಡದ್ದು

ಲಿಫ್ಟ್ ರಿಪೇರಿಯ ಆ ಇಬ್ಬರು ಒಟ್ಟಿಗೆ ನಡೆದು ಬಂದರೆ ಕಟ್ಟಡದ ಬಾಗಿಲು ಕಾಯುವವರು "ಬಂತಪ್ಪ ಹತ್ತು" ಎನ್ನುತ್ತಿದ್ದರು. ಮುಂದೆ ಬರುವ ಸಣಕಲು ಹುಡುಗ, ಎಲ್ಲರೂ ಕಡ್ಡಿ ಎನ್ನುವವನು, ಒಂದು; ಹಿಂದೆ ಬರುವ ದಪ್ಪ ಗುಂಡಣ್ಣ ಸೊನ್ನೆ. ಈ ತಮಾಷೆಯನ್ನು ಮೊದಲು ಹುಟ್ಟುಹಾಕಿದವನು ಗುಂಡಣ್ಣನೇ. ಬೇರೆಯವರು ನಗುವ ಮೊದಲು ತಾನೇ ನಗಿಸಿಬಿಟ್ಟರೆ ಅರ್ಧ ನೋವು ಕಡಿಮೆ ಎಂಬುದನ್ನು ಅವನು ಶಾಲೆಯ ದಿನಗಳಲ್ಲೇ ಕಲಿತಿದ್ದ.

ಅವತ್ತು ಒಂದು ಹಳೆಯ ಕಚೇರಿ ಕಟ್ಟಡದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಹೋಗಿತ್ತು. ಒಳಗೆ ಯಾರೂ ಇರಲಿಲ್ಲ. ಮೋಟಾರು ಕೂರಿಸಿರುವ ಮೆಷಿನ್ ರೂಮು ಎಲ್ಲಕ್ಕಿಂತ ಮೇಲೆ. ಅಲ್ಲಿಗೆ ಹೋಗಬೇಕಾದರೆ ಕೊನೆಯ ಮಹಡಿಯಲ್ಲಿ ಗೋಡೆಗೆ ಬಡಿದ ಕಬ್ಬಿಣದ ಏಣಿ ಹತ್ತಿ, ಮೇಲಿನ ಚೌಕ ಕಿಂಡಿಯಲ್ಲಿ ಮೈ ತೂರಿಸಬೇಕು.

"ಅಣ್ಣ, ನೀವು ಕೆಳಗೇ ಇರಿ. ನಾನು ನೋಡ್ಕೊಂಡು ಬರ್ತೀನಿ" ಎಂದ ಕಡ್ಡಿ.

"ಹೋಗೋ. ಈ ಕಿಂಡೀಲಿ ನಾನು ನಿನ್ನ ಮದುವೆಗೆ ಮುಂಚಿಂದ ಓಡಾಡ್ತಿದ್ದೀನಿ."

ಕಿಂಡಿ ಅಷ್ಟೇ ಇತ್ತು. ಗುಂಡಣ್ಣ ಅಷ್ಟೇ ಇರಲಿಲ್ಲ. ತಲೆ ಹೋಯಿತು, ಎದೆ ಹೋಯಿತು, ಹೊಟ್ಟೆ ಅರ್ಧ ಹೋಗಿ ನಿಂತುಬಿಟ್ಟಿತು. ಕೆಳಗಿಳಿಯಲು ನೋಡಿದರೆ ಅಂಗಿ ಮುದುರಿ ಕಬ್ಬಿಣದ ಅಂಚಿಗೆ ಕಚ್ಚಿಕೊಂಡಿತು. ಕಡ್ಡಿ ಕೆಳಗಿನಿಂದ ಕಾಲು ಹಿಡಿದು ಎಳೆದ, ತಳ್ಳಿದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತಾಯಿತೇ ಹೊರತು ಮೈ ಅಲುಗಲಿಲ್ಲ. "ಜನ ಕರ್ಕೊಂಡು ಬರ್ತೀನಿ ಅಣ್ಣ, ಗಾಬರಿ ಆಗ್ಬೇಡಿ" ಎಂದು ಅವನು ಓಡಿದ.

ಗುಂಡಣ್ಣ ಒಬ್ಬನೇ ಉಳಿದ. ಸೊಂಟದಿಂದ ಮೇಲೆ ಮೆಷಿನ್ ರೂಮು, ಸೊಂಟದಿಂದ ಕೆಳಗೆ ಮೊಗಸಾಲೆ. ಕೈಗೆಟಕುವಷ್ಟು ದೂರದಲ್ಲಿ ಲಿಫ್ಟಿನ ಕಂಟ್ರೋಲ್ ಪೆಟ್ಟಿಗೆಯಿತ್ತು. ಅದರ ಹಿಂದೆ ಅವನೇ ಬಚ್ಚಿಟ್ಟಿದ್ದ ಒಂದು ಡಬ್ಬಿಯಿತ್ತು: ಸಕ್ಕರೆ ಹಾಕಿ ಕಾಯಿಸಿ ಜೇನಿನಷ್ಟು ಗಟ್ಟಿ ಮಾಡಿದ ಹಾಲಿನ ಡಬ್ಬಿ. ಮುಚ್ಚಳದ ಎರಡು ಕಡೆ ಸ್ಕ್ರೂಡ್ರೈವರಿನಿಂದ ಒಂದೊಂದು ತೂತು ಹೊಡೆದರೆ ಸಾಕು, ಬಾಯಿಗೆ ಧಾರೆಯಾಗಿ ಇಳಿಯುತ್ತದೆ. ಚಮಚ ಬೇಡ, ತಟ್ಟೆ ಬೇಡ, ಜಗಿಯುವ ಸದ್ದೂ ಇಲ್ಲ. ಅವನು ನೋಡಿಕೊಳ್ಳುವ ಕಟ್ಟಡಗಳ ಮೆಷಿನ್ ರೂಮುಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆಯೂ ಇಂಥ ಡಬ್ಬಿಗಳಿದ್ದವು. ಮಾಲೀಕರಾಗಲಿ, ಬಾಡಿಗೆಯವರಾಗಲಿ, ಕಸ ಗುಡಿಸುವವರಾಗಲಿ ಕಾಲಿಡದ ಜಾಗಗಳು ಅವು.

ಹೊಟ್ಟೆ ಕಬ್ಬಿಣದಲ್ಲಿ ಸಿಕ್ಕಿಕೊಂಡು, ಕಾಲು ಗಾಳಿಯಲ್ಲಿ ಮೆಟ್ಟಿಲು ತಡಕುತ್ತಿರುವಾಗ ಅವನ ಕೈ ಆ ಡಬ್ಬಿಯತ್ತ ಹೋಯಿತು. ಕಿಸೆಯಲ್ಲಿ ಸ್ಕ್ರೂಡ್ರೈವರ್ ಇದ್ದೇ ಇತ್ತು. ಅವನು ಅದನ್ನು ಪೂರ್ತಿ ಕುಡಿದ. ಜನರ ಕಾಲಸಪ್ಪಳ ಕೇಳಿದಾಗ ಖಾಲಿ ಡಬ್ಬಿಯನ್ನು ಪೆಟ್ಟಿಗೆಯ ಹಿಂದಕ್ಕೆ ತಳ್ಳಿ ಬಾಯಿ ಒರೆಸಿಕೊಂಡ.

ಮುಂದಿನದ್ದನ್ನು ಆ ಕಚೇರಿಯ ಅರ್ಧ ಜನ ನೋಡಿದರು. ಒಬ್ಬಾಕೆ ಕೈ ತೊಳೆಯುವ ಸೋಪಿನ ನೀರು ತಂದಳು. ಕಡ್ಡಿ ಅಂಗಿ ಮೇಲೆತ್ತಿ ಹೊಟ್ಟೆಗೆ ಸುತ್ತಲೂ ಸವರಿದ. ಇಬ್ಬರು ಗುಮಾಸ್ತರು ಕಾಲು ಹಿಡಿದು ಜಗ್ಗಿದರು. ಯಾರೋ ಫೋನಿನಲ್ಲಿ ಚಿತ್ರ ತೆಗೆದರು. ಚರ್ಮ ತರಚಿ, ನೊರೆ ಸುರಿಸಿಕೊಂಡು ಅವನು ಕೆಳಗೆ ಬಂದು ಬಿದ್ದಾಗ ಎಲ್ಲರೂ ಚಪ್ಪಾಳೆ ಹೊಡೆದರು. ಒಳ್ಳೆಯ ಮನಸ್ಸಿನಿಂದಲೇ ಹೊಡೆದರು. ಆ ಚಪ್ಪಾಳೆಗೆ ಗುಂಡಣ್ಣ ಕೈ ಮುಗಿದು, "ಹೆರಿಗೆ ಸುಸೂತ್ರ ಆಯ್ತು" ಎಂದು ನಗಿಸಿದ. ಮೆಟ್ಟಿಲಿಳಿಯುವಾಗ ನಾಲಿಗೆಯ ಮೇಲೆ ಇನ್ನೂ ಸಿಹಿ ಇತ್ತು. ನೆಲ ಬಾಯಿ ತೆರೆದು ತನ್ನನ್ನು ನುಂಗಬಾರದೇ ಎಂದು ಅವನಿಗೆ ಅನ್ನಿಸಿದ್ದು ಜನ ನೋಡಿದ್ದಕ್ಕಲ್ಲ, ಜನ ನೋಡದೇ ಉಳಿದ ಆ ಡಬ್ಬಿಗಾಗಿ.

ಚಿತ್ರ ಕಂಪನಿಯವರೆಗೂ ತಲುಪಿತು. ಯಜಮಾನರು ಬೈಯಲಿಲ್ಲ. "ಸ್ವಲ್ಪ ದಿನ ಆಫೀಸಲ್ಲಿ ಕೂತು ಫೋನ್ ನೋಡ್ಕೋ. ಮೈ ಇಳಿಸ್ಕೊಂಡು ಬಾ, ನಿನ್ನ ಕೆಲಸ ಎಲ್ಲೂ ಹೋಗಲ್ಲ" ಎಂದರು. ಎಲ್ಲರ ಎದುರಿಗೆ ಬೈದಿದ್ದರೆ ವಾಸಿಯಿತ್ತು. ಕಟ್ಟಡಗಳಿಗೆ ಕಡ್ಡಿ ಒಬ್ಬನೇ ಹೋಗತೊಡಗಿದ.

ಗುಂಡಣ್ಣನ ಹೆಂಡತಿ ಒಂದು ಶಾಲೆಯ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ಹರಿದ ಪುಸ್ತಕಕ್ಕೆ ಬೈಂಡು ಹಾಕುವಷ್ಟೇ ತಾಳ್ಮೆಯಿಂದ ಮನೆಯನ್ನೂ ನಡೆಸುವವಳು. ಗಂಡನಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಮನೆಗೆ ಸಕ್ಕರೆ ತರುವುದನ್ನೇ ನಿಲ್ಲಿಸಿದ್ದಳು. ಮೈ ಇಳಿಸುವ ಆಪರೇಷನ್ ಮಾಡುವ ಆಸ್ಪತ್ರೆಯನ್ನು ಹುಡುಕಿ, ಸರ್ಜನ್ ಬಳಿ ಸಮಯ ಗೊತ್ತು ಮಾಡಿದವಳೂ ಅವಳೇ.

ಸರ್ಜನ್ ನಡುವಯಸ್ಸಿನ ಹೆಂಗಸು. ಮಾತು ನಿಧಾನ, ಕಣ್ಣು ಚುರುಕು. ಮೇಜಿನ ಮೇಲಿದ್ದ ಹೊಟ್ಟೆಯ ಪ್ಲಾಸ್ಟಿಕ್ ಗೊಂಬೆಯನ್ನು ಬಿಚ್ಚಿ ತೋರಿಸಿದರು.

"ಎರಡು ದಾರಿ ಇದೆ. ಒಂದು, ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ತೆಗೆದುಬಿಡೋದು. ಬಾಳೆಹಣ್ಣಿನ ಥರ ಒಂದು ಕೊಳವೆ ಉಳಿಯುತ್ತೆ. ಇದಕ್ಕೆ ಸ್ಲೀವ್ ಅಂತೀವಿ. ಇನ್ನೊಂದು ಬೈಪಾಸ್. ಹೊಟ್ಟೆಯ ಮೇಲ್ಗಡೆ ಮೊಟ್ಟೆಯಷ್ಟು ಚೀಲ ಮಾಡಿ, ಕರುಳಿನ ಕೆಳಗಿನ ಭಾಗವನ್ನ ಅದಕ್ಕೇ ನೇರವಾಗಿ ಜೋಡಿಸ್ತೀವಿ. ಆಪರೇಷನ್ ಸ್ವಲ್ಪ ದೊಡ್ಡದು. ಜೀವನಪೂರ್ತಿ ವಿಟಮಿನ್ ಮಾತ್ರೆ ಬಿಡೋ ಹಾಗಿಲ್ಲ. ಆದರೆ ಸಕ್ಕರೆ ಕಾಯಿಲೆಗೆ, ಎದೆ ಉರಿಗೆ ಇದೇ ಒಳ್ಳೇದು."

"ಬೈಪಾಸ್ ಆದ್ಮೇಲೆ ಎಲ್ಲಾ ತಿನ್ಬಹುದಾ ಡಾಕ್ಟ್ರೇ?" ಹೆಂಡತಿ ಕೇಳಿದಳು.

"ಸಿಹಿ ಜಾಸ್ತಿ ತಿಂದ್ರೆ ಮೈ ಒಪ್ಪಲ್ಲ. ಬೆವರು, ಎದೆ ಡವಡವ, ತಲೆ ಸುತ್ತು. ಕೆಲವರಿಗೆ ಮಲಗಿಬಿಡೋ ಹಾಗಾಗುತ್ತೆ."

ಆ ಕ್ಷಣವೇ ಗುಂಡಣ್ಣ ತೀರ್ಮಾನ ಮಾಡಿಬಿಟ್ಟ. ಸ್ಲೀವೇ ಸರಿ. ಯಾಕೆ ಎಂಬುದನ್ನು ತನಗೆ ತಾನೇ ಹೇಳಿಕೊಳ್ಳಲೂ ಅವನಿಗೆ ನಾಚಿಕೆಯಾಯಿತು. ಬದುಕು ಉಳಿಸುವ ಎರಡು ಚಿಕಿತ್ಸೆಗಳನ್ನು ಎದುರಿಗಿಟ್ಟರೆ ಅವನ ಮನಸ್ಸು ಮೊದಲು ನೋಡಿದ್ದು ಯಾವುದರಲ್ಲಿ ಡಬ್ಬಿಗೆ ಜಾಗ ಉಳಿಯುತ್ತದೆ ಎಂದು.

"ನಿಮಗೆ ಎದೆ ಉರಿ, ಹುಳಿತೇಗು ಇದೆಯಾ?"

"ಇಲ್ಲ" ಎಂದ. ಸಾಮಾನಿನ ಚೀಲದಲ್ಲಿ ಗ್ರೀಸಿನ ಪಕ್ಕ ಎದೆ ಉರಿಯ ಔಷಧಿ ಸದಾ ಇರುತ್ತಿತ್ತು.

"ಸಿಹಿ ತಿನ್ನೋ ಅಭ್ಯಾಸ?"

ಅವನು ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದಳು, "ಇವರು ಸಿಹಿ ಮುಟ್ಟಲ್ಲ ಡಾಕ್ಟ್ರೇ. ಯಾರ ಮನೇಲಿ ಕೊಟ್ರೂ ಬೇಡ ಅಂತಾರೆ." ಅವಳ ದನಿಯಲ್ಲಿ ಹೆಮ್ಮೆ ಇತ್ತು. ಗುಂಡಣ್ಣ ತಲೆಯಾಡಿಸಿದ.

ಸರ್ಜನ್ ಅವನನ್ನೇ ಒಂದು ಗಳಿಗೆ ನೋಡಿ, "ನೀವು ಹೇಳೋದರ ಮೇಲೆ ಸ್ಲೀವ್ ಆಗಬಹುದು. ಆದರೆ ಮೊದಲು ಕೆಲವು ವಾರ ಊಟದ ಅಭ್ಯಾಸ ಬದಲಾಗಬೇಕು, ಸ್ವಲ್ಪ ತೂಕ ಇಳೀಬೇಕು. ಆಪರೇಷನ್ ಬರೀ ಹೊಟ್ಟೆಗೆ ಮಾಡ್ತೀವಿ, ತಲೆಗಲ್ಲ" ಎಂದರು.

ಹೆಂಡತಿ ಆ ಮಾತನ್ನು ಮನೆಗೆ ಹೊತ್ತು ತಂದಳು. ಅಡುಗೆಮನೆ ಬದಲಾಯಿತು. ಕರಿದದ್ದು ಹೋಯಿತು, ಬೆಣ್ಣೆ ಹೋಯಿತು. ಬೇಯಿಸಿದ ತರಕಾರಿ, ಮೊಟ್ಟೆ, ಮೀನು, ಸೂಪು. ಚಿಕ್ಕ ತಟ್ಟೆಗಳನ್ನು ಕೊಂಡಳು. ಒಂದೊಂದು ತುತ್ತನ್ನೂ ಚೆನ್ನಾಗಿ ಜಗಿಯಬೇಕು, ಊಟದ ನಡುವೆ ನೀರು ಕುಡಿಯಬಾರದು. "ನಿಮಗೊಂದು, ನಮಗೊಂದು ಅಡುಗೆ ಮಾಡಿದ್ರೆ ನಿಮಗೆ ಬೇಜಾರಾಗುತ್ತೆ" ಎಂದು ತಾನೂ ಮಗಳೂ ಅದನ್ನೇ ತಿಂದರು. ಕಾಲೇಜಿಗೆ ಹೋಗುವ ಮಗಳು ಮುಖ ಸಿಂಡರಿಸಿದರೂ, "ಅಪ್ಪನಿಗೋಸ್ಕರ" ಎಂದು ನುಂಗುತ್ತಿದ್ದಳು. ವಾರಗಳು ಕಳೆದಂತೆ ಹೆಂಡತಿಯ ಕುತ್ತಿಗೆಯ ಮೂಳೆ ಕಾಣಿಸತೊಡಗಿತು. ಮಗಳ ಜೀನ್ಸ್ ಸಡಿಲವಾಯಿತು. ಗುಂಡಣ್ಣನ ತೂಕ ಮಾತ್ರ ಇದ್ದಲ್ಲೇ ಇತ್ತು.

ಕಟ್ಟಡಗಳು ಕೈತಪ್ಪಿದ ಮೇಲೆ ಅವನು ಆಫೀಸಿನ ಹಿಂದಿನ ಸ್ಟೋರ್ ರೂಮಿನಲ್ಲಿ, ಹಳೆಯ ಹಗ್ಗದ ಸುರುಳಿಗಳ ಹಿಂದೆ ಡಬ್ಬಿ ಇಡುತ್ತಿದ್ದ. ಪ್ರತಿ ಬಾರಿಯೂ ಇದೇ ಕೊನೆಯದು ಎಂದುಕೊಂಡೇ ತೂತು ಹೊಡೆಯುತ್ತಿದ್ದ. ಮನೆಗೆ ಹೋಗಿ ಚಿಕ್ಕ ತಟ್ಟೆಯೆದುರು ಕೂತು, ಹಸಿದವನಂತೆ ಜಗಿಯುತ್ತಿದ್ದ.

ಈ ನಡುವೆ ಅವನ ಅಕ್ಕ ಬಂದಳು. ತಾಯಿ ಇಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು, ಹಾಗಾಗಿ ಅವನ ಮೇಲೆ ಹಕ್ಕು ಇನ್ನೂ ಬಿಟ್ಟಿರಲಿಲ್ಲ. ತಟ್ಟೆ ನೋಡಿ ಮೂಗು ಮುರಿದಳು. "ಊಟ ಬಲ್ಲವನಿಗೆ ರೋಗ ಇಲ್ಲ ಅಂತಾರೆ. ಮದುವೆಗೆ ಮುಂಚೆ ಇವನು ಹೀಗಿದ್ನಾ? ಎಣ್ಣೆಲಿ ಮುಳುಗಿಸಿ ಮುಳುಗಿಸಿ ತಿನ್ನಿಸಿ, ಈಗ ಹುಲ್ಲು ಹಾಕಿದ್ರೆ ಇಳಿಯುತ್ತಾ?" ಹೆಂಡತಿ ಎದ್ದು ಲೋಟ ತೊಳೆದಳು. ಅಕ್ಕ ಇದೇ ಮಾತನ್ನು ವರ್ಷಗಳಿಂದ ಹೇಳುತ್ತ ಬಂದಿದ್ದಳು, ಅವನು ವರ್ಷಗಳಿಂದ ಸುಮ್ಮನಿರುತ್ತ ಬಂದಿದ್ದ.

ಆಸ್ಪತ್ರೆಯ ಡಯಟಿಷಿಯನ್ ಕನ್ನಡಕದ ಹುಡುಗಿ. ತೂಕದ ಯಂತ್ರ ನೋಡಿ ಹುಬ್ಬು ಗಂಟಿಕ್ಕಿದಳು. ಗುಂಡಣ್ಣನನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿದಳು.

"ಮೇಡಂ, ಎಣ್ಣೆ ಎಷ್ಟು ಹಾಕ್ತೀರಿ?"

"ಸ್ವಲ್ಪನೇ. ಒಗ್ಗರಣೆಗೆ ಬೇಕಾದಷ್ಟು..."

"ಸ್ವಲ್ಪ ಅಂದ್ರೆ ಎಷ್ಟು? ಕೈ ಅಂದಾಜಲ್ಲಿ ಹಾಕಿದ್ರೆ ಹೀಗೇ ಆಗೋದು. ಅವರು ಇಷ್ಟು ಶ್ರಮಪಡ್ತಿದ್ದಾರೆ. ಅಡುಗೆ ಮಾಡೋರು ಹುಷಾರಾಗಿಲ್ಲದಿದ್ರೆ ಎಲ್ಲಾ ನೀರಲ್ಲಿ ಹೋಮ."

ಹೆಂಡತಿಯ ಮುಖ ಕೆಂಪಾಯಿತು. "ತಪ್ಪಾಯ್ತು, ಇನ್ಮೇಲೆ ಅಳತೆ ಮಾಡಿ ಹಾಕ್ತೀನಿ" ಎಂದಳು. ಗುಂಡಣ್ಣ ಗೋಡೆಯ ಮೇಲಿನ ಹಣ್ಣುಗಳ ಚಿತ್ರ ನೋಡುತ್ತ ಕೂತಿದ್ದ. ಒಂದು ಮಾತು ಸಾಕಿತ್ತು.

ಅಂದಿನಿಂದ ಅವಳು ಔಷಧಿಯ ಚಮಚದಲ್ಲಿ ಎಣ್ಣೆ ಅಳೆಯತೊಡಗಿದಳು. ಒಲೆಯ ಮುಂದೆ ಬಗ್ಗಿ, ಚಮಚವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಅಂಚು ಮೀರಿದ ಹನಿಯನ್ನು ಬಾಟಲಿಗೆ ವಾಪಸು ಬಿಡುತ್ತಿದ್ದಳು. ಒಮ್ಮೊಮ್ಮೆ, "ರೀ, ಇವತ್ತು ಬಾಣಲೆಗೆ ಹತ್ತಿಕೊಳ್ತು, ರುಚಿ ಇರಲ್ಲ, ಬೇಜಾರು ಮಾಡ್ಕೋಬೇಡಿ" ಎನ್ನುತ್ತಿದ್ದಳು. ಅವನು ಹಾಲ್‌ನಲ್ಲಿ ಕೂತು ಅದನ್ನು ನೋಡುತ್ತಿದ್ದ.

ಒಂದು ಮಧ್ಯಾಹ್ನ ಕಡ್ಡಿ ಆಫೀಸಿಗೆ ಬಂದ. ಫೋನಿನ ಮೇಜಿನ ಹತ್ತಿರ ಬೇರೆ ಯಾರೂ ಇರಲಿಲ್ಲ. ಅವನು ಕೂರಲಿಲ್ಲ, ಟೋಪಿಯನ್ನು ಕೈಯಲ್ಲಿ ಹಿಂಡುತ್ತ ನಿಂತ.

"ಅಣ್ಣ, ಮೆಷಿನ್ ರೂಮುಗಳನ್ನೆಲ್ಲಾ ಕ್ಲೀನ್ ಮಾಡ್ದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಗುಂಡಣ್ಣನ ಕೈ ಬಾಯಿ ಒರೆಸಿಕೊಳ್ಳಲು ಹೋಯಿತು.

"ಇಲಿ ಬರುತ್ತೆ ಅಲ್ವಾ, ಅದಕ್ಕೆ" ಎಂದ ಕಡ್ಡಿ, ನೆಲ ನೋಡುತ್ತ. "ಎಲ್ಲಾ ಎಸೆದುಬಿಟ್ಟೆ. ಖಾಲೀದು, ತುಂಬಿದ್ದು, ಎಲ್ಲಾ. ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ. ನಾನು ಎಂಥದ್ದೂ ನೋಡಿಲ್ಲ ಅಂದ್ಕೊಳ್ಳಿ."

"ಎಲ್ಲಾ ಕಡೆ ಸಿಕ್ತಾ?"

"ಎಲ್ಲಾ ಕಡೆ." ಟೋಪಿಯನ್ನು ಇನ್ನೊಮ್ಮೆ ಹಿಂಡಿ, "ಆ ಕಿಂಡಿ ಕಟ್ಟಡದಲ್ಲೂ" ಎಂದ.

ಗುಂಡಣ್ಣನಿಗೆ ಅರ್ಥವಾಯಿತು. ಆ ಡಬ್ಬಿ ಯಾವಾಗ ಖಾಲಿಯಾಯಿತೆಂದು ಕಡ್ಡಿಗೆ ಹೊಳೆದಿರಬೇಕು. ಅವತ್ತೇ ಲಿಫ್ಟು ಸರಿಮಾಡಲು ಮೇಲೆ ಹತ್ತಿದವನಿಗೆ ತೂತಿನ ಸುತ್ತ ಇನ್ನೂ ಒಣಗದ ಹಾಲು ಕಂಡಿರಬೇಕು. ತಮಾಷೆ ಮಾಡಲು ಬಾಯಿ ತೆರೆದ, ಏನೂ ಸಿಗಲಿಲ್ಲ. ಕಡ್ಡಿ ಹೊರಡುವಾಗ ಹೆಗಲು ತಟ್ಟಿ ಹೋದ. ಎಷ್ಟೋ ವರ್ಷಗಳಿಂದ "ಅಣ್ಣ" ಎನ್ನುತ್ತಿದ್ದವನು ಕಾಯಿಲೆಯ ಮಗುವನ್ನು ಮುಟ್ಟುವಂತೆ ಮುಟ್ಟಿದ. ಅವನು ಬೈದಿದ್ದರೆ, ಆಡಿಕೊಂಡಿದ್ದರೆ ಎದುರು ನಿಲ್ಲಬಹುದಿತ್ತು. ಕರುಣೆಯ ಎದುರು ನಿಲ್ಲಲು ಜಾಗವೇ ಇರಲಿಲ್ಲ. ಹಾಗಿದ್ದೂ ಆ ಸಂಜೆ ಅವನು ಸ್ಟೋರ್ ರೂಮಿಗೆ ಹೋದ.

ಆಪರೇಷನ್ನಿಗೆ ಮುಂಚೆ ಗಂಟಲಿನಿಂದ ಕ್ಯಾಮೆರಾದ ನಳಿಗೆ ಇಳಿಸಿ ಹೊಟ್ಟೆ ನೋಡುವ ಪರೀಕ್ಷೆಯಿತ್ತು. ಅದು ಮುಗಿದ ಮೇಲೆ ಸರ್ಜನ್ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡರು. ಪರದೆಯ ಮೇಲೆ ನಸುಗೆಂಪು ಸುರಂಗದಂಥ ಚಿತ್ರ. ಅದರ ಕೆಳತುದಿಯಲ್ಲಿ ಕೆಂಡ ತಾಗಿದ ಹಾಗೆ ಗೆರೆಗಳು.

"ಇದು ಅನ್ನನಾಳ. ಇವು ಸುಟ್ಟ ಗಾಯ. ಹೊಟ್ಟೆಯ ಆಮ್ಲ ಮೇಲೆ ಬಂದು ಬಂದು ಆಗಿರೋದು. ಒಂದೆರಡು ತಿಂಗಳದ್ದಲ್ಲ, ತುಂಬಾ ಹಳೇದು. ಸ್ಲೀವ್ ಮಾಡಿದ್ದಿದ್ರೆ ಉರಿ ಇನ್ನೂ ಜಾಸ್ತಿ ಆಗಿ, ಮತ್ತೆ ಹೊಟ್ಟೆ ಕುಯ್ಯಬೇಕಾಗ್ತಿತ್ತು. ನೀವು ಎದೆ ಉರಿ ಇಲ್ಲ ಅಂದಿದ್ರಿ."

ಗುಂಡಣ್ಣ ಪರದೆಯಿಂದ ಕಣ್ಣು ಕಿತ್ತು ಮೇಜಿನ ಕಡೆ ನೋಡಿದ.

"ರಕ್ತದ ಸಕ್ಕರೆನೂ ಇಳಿದಿಲ್ಲ." ಸರ್ಜನ್ ಹೆಂಡತಿಯ ಕಡೆ ತಿರುಗಿದರು. "ಅಮ್ಮ, ಮನೇಲಿ ಏನೇನು ಕೊಡ್ತಿದ್ದೀರಿ, ನಿಜ ಹೇಳಿ. ಪಾಪ ಅಂತ ಏನಾದ್ರೂ..."

ಹೆಂಡತಿ ಕೈಚೀಲದಿಂದ ಔಷಧಿಯ ಚಮಚವನ್ನು ತೆಗೆದಳು. ಅದನ್ನು ಆಸ್ಪತ್ರೆಗೂ ತಂದಿದ್ದಳು. "ಇದರಲ್ಲೇ ಅಳೀತೀನಿ ಡಾಕ್ಟ್ರೇ. ನನ್ನ ಮಗಳಾಣೆ. ಎಲ್ಲಿ ತಪ್ತಿದೆ ಅಂತ ನನಗೇ ಗೊತ್ತಾಗ್ತಿಲ್ಲ. ನೀವೇ ಹೇಳಿ, ಇದು ದೊಡ್ಡ ಚಮಚನಾ?" ಎಂದು ಮೇಜಿನ ಮೇಲಿಟ್ಟಳು.

"ತಪ್ಪು ಅವಳದಲ್ಲ" ಎಂದ ಗುಂಡಣ್ಣ.

ನಳಿಗೆ ಹಾದುಹೋದ ಗಂಟಲು, ದನಿ ಒಡೆದು ಬಂತು. ಇಬ್ಬರೂ ಅವನತ್ತ ನೋಡಿದರು. ಅವನು ಇಬ್ಬರನ್ನೂ ನೋಡದೆ, ಆ ಪ್ಲಾಸ್ಟಿಕ್ ಹೊಟ್ಟೆಯನ್ನು ನೋಡುತ್ತ ಹೇಳಿದ. ಹಾಲಿನ ಡಬ್ಬಿ ಹೇಳಿದ, ಮೆಷಿನ್ ರೂಮು ಹೇಳಿದ, ಹಗ್ಗದ ಸುರುಳಿಯ ಹಿಂದಿನದನ್ನು ಹೇಳಿದ. ನಿನ್ನೆಯದನ್ನೂ ಹೇಳಿದ. ಕಿಂಡಿಯಲ್ಲಿ ನೇತಾಡುತ್ತ ಕುಡಿದದ್ದನ್ನು ಹೇಳುವಾಗ ಮಾತು ಎರಡು ಸಲ ನಿಂತಿತು. ಕೊನೆಗೆ, "ಸಿಹಿ ತಿಂದ್ರೆ ಮೈ ಒಪ್ಪಲ್ಲ ಅಂದ್ರಲ್ಲ, ಅದಕ್ಕೇ ಬೈಪಾಸ್ ಬೇಡ ಅಂದ್ಕೊಂಡೆ" ಎಂದ.

ಸರ್ಜನ್ ಬೈಯಲಿಲ್ಲ. ನೀರಿನ ಲೋಟ ಮುಂದೆ ತಳ್ಳಿದರು. "ಇದನ್ನ ಹೇಳೋಕೆ ಜನ ಎಷ್ಟೋ ವರ್ಷ ತಗೋತಾರೆ. ಕೆಲವರು ಆಪರೇಷನ್ ಆದ್ಮೇಲೆ ಹೇಳ್ತಾರೆ, ಆಗ ನನ್ನ ಕೈಲಿ ಹೆಚ್ಚೇನೂ ಇರಲ್ಲ. ನಿಮಗೆ ಬೈಪಾಸೇ ಸರಿ. ಆದರೆ ಅದು ಕಾವಲುಗಾರ ಅಲ್ಲ. ಆ ಹಾಲು ಜಾರಿಕೊಂಡು ಹರಿಯುತ್ತೆ, ಮನಸ್ಸು ಮಾಡಿದ್ರೆ ಯಾವ ಆಪರೇಷನ್ನನ್ನೂ ದಾಟಿಕೊಂಡು ಹೋಗುತ್ತೆ. ಮೊದಲು ನಮ್ಮ ಮನೋವೈದ್ಯರ ಹತ್ರ ಕೆಲವು ತಿಂಗಳು ಹೋಗಿ. ತಾರೀಖು ಆಮೇಲೆ ನೋಡೋಣ."

ಹೆಂಡತಿ ಚಮಚವನ್ನು ಕೈಚೀಲಕ್ಕೆ ಹಾಕಿಕೊಂಡು ಎದ್ದಳು. ಲಿಫ್ಟಿನ ಬಾಗಿಲು ತೆರೆದಿದ್ದರೂ ಮೆಟ್ಟಿಲು ಹಿಡಿದಳು. ಅವನು ಏದುಸಿರು ಬಿಡುತ್ತ ಹಿಂದೆ ಇಳಿದ.

ಬಸ್ ಸ್ಟಾಪಿನ ಬೆಂಚಿನಲ್ಲಿ ಅವನು ಹೇಳಿದ, "ತಪ್ಪಾಯ್ತು ಕಣೇ. ಹೊಟ್ಟೆಗೆ ಹಾಕ್ಕೊ."

"ಹೊಟ್ಟೆಗೆ ಹಾಕ್ಕೊಳ್ಳೋದು ನಿಮ್ಮ ಕೆಲಸ" ಎಂದಳು ಅವಳು. "ನನಗೆ ಬರಲ್ಲ."

ಬೇರೆ ದಿನವಾಗಿದ್ದರೆ ಇಬ್ಬರೂ ನಗುವ ಮಾತು. ಅವಳು ನಗಲಿಲ್ಲ. ರಸ್ತೆ ನೋಡುತ್ತಲೇ, "ನೀವು ಕದ್ದು ತಿಂದ್ರಿ ಅಂತ ನನಗೆ ಸಿಟ್ಟಿಲ್ಲ. ಹಸಿವೋ ಕಾಯಿಲೆಯೋ, ಅದು ನಿಮ್ಮ ಮೈ. ಆದರೆ ಆ ಹುಡುಗಿ ನನ್ನ ಬೈದಾಗ ನೀವು ಪಕ್ಕದಲ್ಲೇ ಕೂತಿದ್ರಿ. ನಾನು ಹನಿ ಹನಿ ಎಣ್ಣೆ ಎಣಿಸ್ತಿದ್ದಾಗ ನೋಡ್ತಾ ಕೂತಿದ್ರಿ. ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿಯುತ್ತೆ ಅಂತಾರೆ. ನೀವು ಕಣ್ಣು ಬಿಟ್ಕೊಂಡೇ ಕುಡಿದ್ರಿ" ಎಂದಳು.

ಬಸ್ಸು ಬಂತು. ಅವಳು ಮುಂದೆ ಖಾಲಿಯಿದ್ದ ಒಂದೇ ಸೀಟಿನಲ್ಲಿ ಕೂತಳು, ಅವನು ಹಿಂದೆ ನಿಂತ.

ಅವತ್ತು ಅವಳು ಮಗಳಿಗೂ ತನಗೂ ಆಲೂಗಡ್ಡೆ ಕರಿದಳು. ಎಣ್ಣೆಯನ್ನು ಬಾಟಲಿಯಿಂದ ನೇರವಾಗಿ ಸುರಿದಳು. ಅವನ ಚಿಕ್ಕ ತಟ್ಟೆಯನ್ನು ಎಂದಿನಂತೆ ಮುಂದಿಟ್ಟು, ತನ್ನ ದೊಡ್ಡ ತಟ್ಟೆಯನ್ನು ಅವನೆದುರೇ ಇಟ್ಟುಕೊಂಡು ಪೂರ್ತಿ ಉಂಡಳು. ಮಗಳು ಅಪ್ಪನ ಮುಖ, ಅಮ್ಮನ ಮುಖ ನೋಡಿ ಏನಾಯಿತೆಂದು ಕೇಳಿದಳು. "ನಿಮ್ಮಪ್ಪ ಹೇಳ್ತಾರೆ" ಎಂದಳು ತಾಯಿ. ಅವನು ಮಗಳಿಗೂ ಹೇಳಬೇಕಾಯಿತು. ಮಗಳು ಅಳಲಿಲ್ಲ, ಬೈಯಲಿಲ್ಲ. "ಹೋಗಪ್ಪ" ಎಂದು ಎದ್ದು ಕೋಣೆಗೆ ಹೋದಳು. ಅಪ್ಪ ಎಂಬ ಆ ಎರಡು ಅಕ್ಷರದ ಮರ್ಯಾದೆ ಮಾತ್ರ ಉಳಿದಿತ್ತು, ಅದೂ ಅಭ್ಯಾಸಬಲದಿಂದ.

ಮನೋವೈದ್ಯರ ಬಳಿ ಗುಂಡಣ್ಣ ತಪ್ಪದೆ ಹೋದ. ಅವರು ಮುದುಕರು, ಹೆಚ್ಚು ಮಾತಿನವರಲ್ಲ. ಏನು ತಿಂದೆ ಎಂದು ಕೇಳುವ ಬದಲು ತಿನ್ನುವ ಮುಂಚೆ ಏನಾಗಿತ್ತು ಎಂದು ಕೇಳುತ್ತಿದ್ದರು. ಮೊದಲ ವಾರಗಳಲ್ಲಿ ಅವನು ಅವರನ್ನೂ ನಗಿಸಲು ನೋಡಿದ. ಅವರು ನಗಲಿಲ್ಲ, ಕಾದರು. ಮೆಲ್ಲಗೆ ಅವನಿಗೇ ಗೊತ್ತಾಗತೊಡಗಿತು: ಯಾರಾದರೂ ಅವನ ಮೈ ನೋಡಿ ನಕ್ಕಾಗ ಅವನೂ ನಕ್ಕು, ಆಮೇಲೆ ಒಬ್ಬನೇ ಆದಾಗ ಡಬ್ಬಿ ಹುಡುಕುತ್ತಿದ್ದ. ಬಿಡುವುದು ಸುಲಭವಾಗಲಿಲ್ಲ. ಎರಡು ಸಲ ಜಾರಿದ. ಎರಡು ಸಲವೂ ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆ ಹೆಂಡತಿಗೆ ಹೇಳಿದ. ಮೊದಲ ಸಲ ಅವಳು "ಹೂಂ" ಎಂದಳು. ಎರಡನೇ ಸಲ, "ಊಟ ಮಾಡ್ತೀರಾ, ಬೇಡ್ವಾ?" ಎಂದು ಕೇಳಿದಳು.

ಆಪರೇಷನ್ನಿನ ಬೆಳಿಗ್ಗೆ ಆಸ್ಪತ್ರೆಯ ನಿಲುವಂಗಿ ಅವನ ಬೆನ್ನಿಗೆ ಸಾಲಲಿಲ್ಲ. ನರ್ಸು ಇನ್ನೊಂದು ನಿಲುವಂಗಿಯನ್ನು ಹಿಂದುಮುಂದಾಗಿ ತೊಡಿಸಿದಳು. ಹೆಂಡತಿ ಎರಡರ ಲಾಡಿಗಳನ್ನೂ ಬಿಗಿದು ಕಟ್ಟಿದಳು, ಪುಸ್ತಕಕ್ಕೆ ದಾರ ಹಾಕುವ ಕೈಯಿಂದ. ಕೆಲಸ ಮುಗಿದ ಮೇಲೆ ಅವಳ ಅಂಗೈ ಒಂದು ಕ್ಷಣ ಅವನ ಬೆನ್ನಿನ ಮೇಲೆ ನಿಂತಿತು. ಅವನು ತಿರುಗಿ ನೋಡುವಷ್ಟರಲ್ಲಿ ತೆಗೆದಿದ್ದಳು.

ಬೈಪಾಸ್ ಸುಸೂತ್ರವಾಗಿ ಆಯಿತು. ಮೊದಲು ಗುಟುಕು ಗುಟುಕು ತಿಳಿಸಾರು, ಆಮೇಲೆ ಅರೆದದ್ದು, ಆಮೇಲೆ ಮೆತ್ತಗಿನದು. ಅರ್ಧ ಮೊಟ್ಟೆ ತಿನ್ನಲು ಮಗಳು ಒಂದು ಪಾಠ ಓದಿ ಮುಗಿಸುವಷ್ಟು ಹೊತ್ತು ಬೇಕಿತ್ತು. ಒಮ್ಮೆ ಅವಸರದಲ್ಲಿ ನುಂಗಿ, ಎದೆಯಲ್ಲಿ ಸಿಕ್ಕಿಕೊಂಡು ಕಣ್ಣೀರು ಬಂತು. ಒಮ್ಮೆ ಹಣ್ಣಿನ ರಸ ಕುಡಿದು, ಬೆವರಿ, ಎದೆ ಬಡಿದುಕೊಂಡು ನೆಲದ ಮೇಲೆ ಮಲಗಿದ. ತಿಂಗಳುಗಳಲ್ಲಿ ಮೈ ಇಳಿಯಿತು. ಸಕ್ಕರೆಯ ಮಾತ್ರೆಗಳು ಕಡಿಮೆಯಾದವು. ಹೊಟ್ಟೆಯ ಚರ್ಮ ಖಾಲಿ ಚೀಲದಂತೆ ಜೋತುಬಿತ್ತು. ಕಂಪನಿ ಅವನನ್ನು ಮತ್ತೆ ಕಟ್ಟಡಗಳಿಗೆ ಕಳಿಸಿತು, ಕಡ್ಡಿಯ ಜೊತೆಗೇ. ಬಾಗಿಲು ಕಾಯುವವನೊಬ್ಬ, "ಹನ್ನೊಂದು ಆಗಿಬಿಟ್ರಲ್ಲಪ್ಪ" ಎಂದ. ಗುಂಡಣ್ಣ ನಗಲಿಲ್ಲ, ನಗಬೇಕೆಂದೂ ಅನ್ನಿಸಲಿಲ್ಲ.

ಒಂದು ರಜೆಯ ದಿನ ಅಕ್ಕ ಎಲ್ಲರನ್ನೂ ಊಟಕ್ಕೆ ಕರೆದಳು. ಭಾವ, ಅಕ್ಕನ ಮಕ್ಕಳು, ಒಬ್ಬಿಬ್ಬರು ನೆಂಟರು, ಮೇಜಿನ ಸುತ್ತ ತುಂಬಾ ಜನ. ತಮ್ಮನ ಕೆನ್ನೆ ಸವರಿ ಅಕ್ಕನ ಕಣ್ಣು ತುಂಬಿತು. ತಕ್ಷಣವೇ ಎಲ್ಲರಿಗೂ ಕೇಳುವಂತೆ, "ನೋಡಿ, ಹೆಂಡತಿ ಕೈ ಅಡುಗೆ ಕಡಿಮೆ ಆದ ಮೇಲೆ ಹೇಗೆ ಮನುಷ್ಯ ಆಗಿದ್ದಾನೆ. ಹೊಟ್ಟೆ ಕುಯ್ಯಿಸ್ಕೊಳ್ಳೋ ಸ್ಥಿತಿಗೆ ತಂದಿದ್ಲು" ಎಂದಳು. ಒಂದಿಬ್ಬರು ನಕ್ಕರು. ಹೆಂಡತಿ ನೀರಿನ ಜಗ್ಗು ಹಿಡಿದು ಅಲ್ಲೇ ನಿಂತಿದ್ದಳು.

ಗುಂಡಣ್ಣ ಚಮಚ ಕೆಳಗಿಟ್ಟ. ಡಾಕ್ಟರ ಕೋಣೆಯಲ್ಲಿ ಕೇಳಿದ್ದಕ್ಕೆ ಹೇಳಿದ್ದ. ಇಲ್ಲಿ ಯಾರೂ ಕೇಳಿರಲಿಲ್ಲ.

"ಅಕ್ಕ, ನಾನು ದಪ್ಪ ಆಗಿದ್ದು ಇವಳ ಅಡುಗೆಯಿಂದ ಅಲ್ಲ. ನಾನು ಕದ್ದು ತಿಂತಿದ್ದೆ. ಕೆಲಸದ ಜಾಗದಲ್ಲಿ ಸಿಹಿಹಾಲಿನ ಡಬ್ಬಿ ಬಚ್ಚಿಟ್ಕೊಂಡು ಕುಡೀತಿದ್ದೆ. ಮದುವೆಗೆ ಮುಂಚಿಂದಾನೂ ಕುಡೀತಿದ್ದೆ, ನಿಮ್ಮ ಮನೇಲಿದ್ದಾಗಲೂ. ಇವಳಿಗೆ ಗೊತ್ತೇ ಇರಲಿಲ್ಲ. ನೀನು ಇಷ್ಟು ವರ್ಷ ಇವಳನ್ನ ಬೈತಿದ್ದಾಗ ನಾನು ಬಾಯಿ ಮುಚ್ಕೊಂಡಿದ್ದೆ."

ಅವನ ಕಿವಿ ಸುಡುತ್ತಿತ್ತು. ಸಣ್ಣವಾದ ಮೈಗೆ ನಾಚಿಕೆ ಮಾತ್ರ ಹಳೆಯ ಅಳತೆಯದ್ದೇ ಬಂದಿತ್ತು.

ಅಕ್ಕ ಜೋರಾಗಿ ನಕ್ಕಳು. "ಅಯ್ಯೋ, ನನ್ನ ತಮ್ಮ ಎಷ್ಟು ಒಳ್ಳೆಯವನು ನೋಡಿ! ಹೆಂಡತಿ ಮಾನ ಉಳಿಸೋಕೆ ತಪ್ಪೆಲ್ಲಾ ತನ್ನ ಮೇಲೆ ಹಾಕ್ಕೊಳ್ತಿದ್ದಾನೆ. ನಾನು ಸಾಕಿದವನು, ನನಗೆ ಗೊತ್ತಿಲ್ವಾ? ಚಿಕ್ಕವನಿದ್ದಾಗ ಸಿಹಿ ಕೊಟ್ರೆ ಬೇಡ ಅಂತಿದ್ದ ಮಗು!"

"ನಿಜ ಅಕ್ಕ. ಕಡ್ಡೀನ ಕೇಳು ಬೇಕಾದ್ರೆ."

"ಸಾಕು ಬಿಡು, ತಿನ್ನು" ಎಂದು ಅಕ್ಕ ಅವನ ತಲೆ ಸವರಿದಳು. ಭಾವ ಬೇರೆ ಮಾತು ತೆಗೆದರು. ನೆಂಟರು ಮೆಚ್ಚುಗೆಯಿಂದ ತಲೆದೂಗಿದರು. ವರ್ಷಗಟ್ಟಲೆ ಹೇಳಿದ ಸುಳ್ಳನ್ನು ಎಲ್ಲರೂ ನಂಬಿದ್ದರು. ಹೇಳಿದ ಒಂದು ನಿಜವನ್ನು ಒಬ್ಬರೂ ನಂಬಲಿಲ್ಲ, ಮೇಲಾಗಿ ಅದಕ್ಕೂ ಅವನಿಗೇ ಹೊಗಳಿಕೆ ಸಿಕ್ಕಿತು. ಗುಂಡಣ್ಣನಿಗೆ ತಲೆಯೆತ್ತಲಾಗಲಿಲ್ಲ.

ಜಗ್ಗನ್ನು ಮೇಜಿನ ಮೇಲಿಟ್ಟು ಹೆಂಡತಿ ಕುರ್ಚಿ ಎಳೆದು ಅವನ ಪಕ್ಕ ಕೂತಳು.

"ಅವರು ನಂಬಲಿಲ್ಲ" ಎಂದ ಅವನು, ಅವಳಿಗೆ ಮಾತ್ರ ಕೇಳುವಂತೆ.

"ನಂಬಲ್ಲ" ಎಂದಳು ಅವಳೂ ಮೆಲ್ಲಗೆ. "ಮುಂದಿನ ಸಲ ಬಂದಾಗ ಮತ್ತೆ ಹೇಳಿ."

"ಹೇಳ್ತೀನಿ."

ಅವಳು ಬಡಿಸುವ ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡು, ತಟ್ಟೆ ತುಂಬ ಹಾಕಿಕೊಂಡು ಉಣ್ಣತೊಡಗಿದಳು. ಅವನು ತನ್ನ ಪಾಲಿನ ಮೀನಿನ ತುಂಡನ್ನು ಸಣ್ಣದಾಗಿ ಮುರಿದು, ಬಾಯಿಗಿಟ್ಟು, ನಿಧಾನವಾಗಿ ಜಗಿದ. ಉಳಿದವರೆಲ್ಲ ಕೈ ತೊಳೆದು ಎದ್ದು ಹೋದರೂ ಅವನದ್ದು ಮುಗಿದಿರಲಿಲ್ಲ. ಅವಳು ಎದ್ದು ಹೋಗಲಿಲ್ಲ.